ಹೂಂ ಅಂದವಳು ನಾನೇ, ಪದ್ದೀ

ಕೌಲ್‌ಬಜಾರ್, ಬಳ್ಳಾರಿ
ಮಾಘಮಾಸ, ೧೮೯೪

ಸಿರುಗುಪ್ಪದ ಮಧುಸೂದನರಾಯರ ಧರ್ಮಪತ್ನಿ ಸೌಭಾಗ್ಯವತಿ ಪದ್ಮಾಬಾಯಿಯವರ ಸನ್ನಿಧಿಗೆ,

ಇಷ್ಟು ಬರೆಯುವಷ್ಟರಲ್ಲಿ ನಗು ಬಂತು. ಹತ್ತು ಜನರ ಮುಂದೆ ನೀನು ನನಗೆ ಪದ್ಮಾಬಾಯಾರು. ಕುರುಗೋಡಿನಲ್ಲಿ ನಿಮ್ಮ ತವರುಮನೆಯ ಕಟ್ಟೆಯ ಮೇಲೆ ಇಬ್ಬರೇ ಕೂತಾಗ ಪದ್ದಿ. ಈ ಕಾಗದ ಓದುವಾಗ ನೀನೊಬ್ಬಳೇ ಇರುತ್ತೀ, ಕಾಗದ ತರುವ ಖಾಲಾಗೆ ಹಾಗೆ ಹೇಳಿಯೇ ಕಳಿಸಿದ್ದೇನೆ. ಆದ್ದರಿಂದ ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ.

ನನ್ನ ಪದ್ದೀ,

ನಾನು ಗುಲ್ಜಾರ್. ಬಳೆ ಮಾರುವ ರಹೀಮಾಬೀ ಖಾಲಾ ಇದ್ದಾಳಲ್ಲ, ಆಕೆಯ ಅಕ್ಕನ ಮಗಳು, ನೀನು ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದವಳು. ಒತ್ತಕ್ಷರಗಳು ಇನ್ನೂ ನನ್ನ ಮಾತು ಕೇಳುವುದಿಲ್ಲ. ತಪ್ಪು ಕಂಡರೆ ನಗು, ಆದರೆ ಓದುವುದನ್ನು ನಿಲ್ಲಿಸಬೇಡ. ನಾಲ್ಕು ವರ್ಷ ಒಂದು ಸಾಲೂ ಬರೆಯದವಳು ಇಷ್ಟು ದಪ್ಪ ಕಾಗದ ಕಳಿಸಿದ್ದಾಳೆಂದರೆ ಯಾರೋ ಸತ್ತಿರಬೇಕು ಅಂತ ನಿನ್ನ ಎದೆ ಹೊಡೆದುಕೊಳ್ಳುತ್ತಿರಬಹುದು. ಯಾರೂ ಸತ್ತಿಲ್ಲ. ಹೋದ ಶುಕ್ರವಾರ ನನ್ನ ನಿಕಾಹ್ ಆಯಿತು.

ಹೌದು, ನನ್ನದೇ. ಇಪ್ಪತ್ತಾರು ವರ್ಷದ ಮದುಮಗಳನ್ನು ನಮ್ಮ ಓಣಿ ಹಿಂದೆಂದೂ ಕಂಡಿರಲಿಲ್ಲವಾದ್ದರಿಂದ ಕರೆಯದವರೂ ನೋಡಲು ಬಂದಿದ್ದರು. ಗಂಡನ ಹೆಸರು ಹಸನಸಾಬ್. ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಅಂತ ಹಿರಿಯರು ಹೇಳಿದ್ದಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ. ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ, ಹಸನಸಾಬ್. ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರ. ಕೆಲಸ ಮುಗಿಸಿ ಬಂದಾಗ ಗಡ್ಡ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿರುತ್ತವೆ. ಮೊದಲ ಸಲ ನೋಡಿದಾಗ ಯಾರೋ ಅಜ್ಜ ಅಂದುಕೊಂಡು ಬಗ್ಗಿ ಸಲಾಂ ಮಾಡಿದ್ದೆ. ಮುಖ ತೊಳೆದು ಬಂದರೆ ಮೂವತ್ತೆರಡರ ಗಂಡಸು! ಆ ಸಲಾಮನ್ನು ವಾಪಸು ಕೊಡು ಅಂತ ಈಗಲೂ ಜಗಳ ತೆಗೆಯುತ್ತೇನೆ.

ಇಷ್ಟು ಸುದ್ದಿಗೆ ಒಂದು ಹಾಳೆ ಸಾಕಾಗುತ್ತಿತ್ತು. ಉಳಿದ ಹಾಳೆಗಳು ನಿನಗಾಗಿ. ದೀಪಾವಳಿ ಕಳೆದ ಮೇಲೆ ಖಾಲಾ ಸಿರುಗುಪ್ಪಕ್ಕೆ ಬಂದು ನಿನಗೆ ಬಳೆ ಇಡಿಸಿ ಹೋದಳಲ್ಲ, ಮನೆಗೆ ಬಂದವಳು ಹೆಗಲ ಮೇಲಿನ ಬಳೆಗಳ ಮಲಾರ ಇಳಿಸುವುದಕ್ಕೆ ಮೊದಲೇ ಹೇಳಿದಳು: "ಪದ್ಮಾಬಾಯಾರ ಕೈ ಕಟ್ಟಿಗಿ ಆಗ್ಯಾವ ನೋಡವ್ವಾ. ಗುಲ್ಜಾರಿಗೆ ಇನ್ನಾ ನನ್ನ ಮ್ಯಾಲೆ ಸಿಟ್ಟು ಐತೇನು ಅಂತ ಕೇಳಿ ಕಣ್ಣಾಗ ನೀರು ತಂದ್ರು. ನಾನಽ ಬಾಯಿ ತಪ್ಪಿ ಆಕಿನ್ನ ಕಳಕೊಂಡೆ ಅಂತಾರ." ನಿನ್ನ ಕೈ ನನಗೆ ಗೊತ್ತಿಲ್ಲವೇ? ಸಣ್ಣ ಅಳತೆಯ ಬಳೆಯೂ ತಾನಾಗಿ ಒಳಗೆ ಜಾರುವಷ್ಟು ಮೆತ್ತಗಿನ ಕೈ. ಅದು ಕಟ್ಟಿಗೆಯಾಗಿದೆ ಅಂದಾಗ ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು, ತಪ್ಪು ನನ್ನದು ಅಂತ ಒಬ್ಬಳೇ ಕೂತು ಬೇಯುವುದು ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಅದರಿಂದ ಹೇಗೆ ಹೊರಬಂದೆ ಅಂತ ಹೇಳುತ್ತೇನೆ. ನಿನ್ನನ್ನೂ ಅಲ್ಲಿಂದ ಹೊರಗೆ ಕರೆಯಬೇಕೆಂದೇ ಈ ಕಾಗದ.

ನಮ್ಮ ಕಸುಬಿನ ಕಟ್ಟಳೆ ನಿನಗೆ ನೆನಪಿರಬೇಕು. ಬಳೆಗಾರ್ತಿಯ ಮುಂದೆ ಹೆಂಗಸು ಒಮ್ಮೆ ಕೈ ನೀಡಿದಳೆಂದರೆ ಆ ಕೈ ಬರಿದಾಗಿ ಹಿಂದಕ್ಕೆ ಹೋಗಬಾರದು. ಹೋದರೆ ಆಕೆಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ಬಣ್ಣ ಹಿಡಿಸದಿದ್ದರೂ, ಅಳತೆ ಬಿಗಿಯಾದರೂ, ಎರಡಾದರೂ ಇಡಿಸಿಯೇ ಕಳಿಸಬೇಕು. ನಾನು ಏಳು ವರ್ಷದವಳಿದ್ದಾಗ ಖಾಲಾ ಕಲಿಸಿದ ಮೊದಲ ಪಾಠ ಇದು. ನಿಮ್ಮ ಅವ್ವ ಅಂಬುಜಮ್ಮನವರು ನಾನು ಮುಟ್ಟಿದ ಬಳೆಗೆ ನೀರು ಚಿಮುಕಿಸಿ ಮಡಿ ಮಾಡಿಕೊಳ್ಳುತ್ತಿದ್ದರು, ಆಮೇಲೆ ಯಾರೂ ನೋಡದ ಹಾಗೆ ಅದೇ ಕೈಯಿಂದ ನನ್ನ ಉಡಿಗೆ ಚಕ್ಕುಲಿ ಹಾಕುತ್ತಿದ್ದರು. ಅಂಥ ಮಡಿಯವರೂ ನಮ್ಮ ಕಟ್ಟಳೆ ಮೀರಿದವರಲ್ಲ. ಹೀಗಾಗಿ ಅದು ಸುಳ್ಳಿರಬಹುದು ಅಂತ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ಖಾಲಾಗೆ ಜ್ವರ ಬಂತು. ಮಾಲು ತರಲು ಪೇಟೆಯ ಬಳೆ ಸಾಹುಕಾರನ ಮಳಿಗೆಗೆ ನಾನೊಬ್ಬಳೇ ಹೋದೆ. ಅವನ ಹೆಸರು ಬರೆಯುವುದಿಲ್ಲ, ಶಾಯಿ ದಂಡ. ಬಿಸಿಲಲ್ಲಿ ಬಂದಿದ್ದೀ ಅಂತ ಪಾನಕ ಕೊಟ್ಟ, ಕುಡಿದೆ. ಹೊಸ ಹಸಿರು ಬಳೆ ಬಂದಿವೆ, ಕೈ ನೀಡು ನೋಡೋಣ ಅಂದ, ನೀಡಿದೆ. ಅದೂ ಹಲ್ಲು ಕಿಸಿದು ನೀಡಿದೆ, ಯಾಕೆಂದರೆ ಊರಿಗೆಲ್ಲ ಬಳೆ ಇಡಿಸುವ ನನಗೆ ಯಾರೂ ಹಾಗೆ ಕರೆದು ಇಡಿಸಿರಲಿಲ್ಲ. ಹಿಡಿದ ಕೈಯನ್ನು ಅವನು ಬಿಡಲಿಲ್ಲ. ಬಾಗಿಲು ಹಾಕಿದ. ಬೇಡ ಅಂದೆ, ಒಂದೇ ಸಲ, ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ. ಆಮೇಲೆ ಬಾಯಿ ನನ್ನದಾಗಿ ಉಳಿಯಲಿಲ್ಲ, ಕೈಕಾಲೂ ಉಳಿಯಲಿಲ್ಲ. ಹೊರಗೆ ಬೀದಿಯಲ್ಲಿ ಜನ ಮಾತಾಡುವುದು ಕೇಳುತ್ತಿತ್ತು. ನಾನು ಮೇಲಿನ ಜಂತೆಗಳನ್ನು ಎಣಿಸುತ್ತಿದ್ದೆ. ಉಳಿದದ್ದನ್ನು ಬರೆಯುವುದಿಲ್ಲ. ನಾಚಿಕೆಗಲ್ಲ. ಅದು ಅವನು ಮಾಡಿದ್ದರ ಕತೆ, ಈ ಕಾಗದ ನನ್ನದು.

ಹೊರಡುವಾಗ ಮಾಲಿನ ಗಂಟನ್ನು ಅವನೇ ನನ್ನ ಕೈಗಿಟ್ಟ. ನಾನು ತೆಗೆದುಕೊಂಡೆ. ಒಂದು ಬಳೆಯೂ ಒಡೆಯದ ಹಾಗೆ ಜೋಪಾನವಾಗಿ ಮನೆಗೆ ತಂದೆ, ಪದ್ದೀ. ಮುಂದೆ ಎರಡು ವರ್ಷ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಿಂದದ್ದು ಇದೇ.

ತಿಂಗಳಾದ ಮೇಲೆ ಸಿರುಗುಪ್ಪಕ್ಕೆ ಬಂದೆ. ನಿಮ್ಮ ಹಿತ್ತಲ ಬಾವಿಯ ಹತ್ತಿರ ನಿನ್ನೆದುರು ಕೂತು ಅರ್ಧ ಹೇಳಿದೆ, ಉಳಿದರ್ಧ ನಿನಗೇ ತಿಳಿಯಿತು. ನಿನ್ನ ಮುಖ ಬಿಳಿಚಿಕೊಂಡಿತು. "ಬೀದಿಯೊಳಗ ಅಷ್ಟು ಮಂದಿ ಇದ್ರಲ್ಲ ಗುಲ್ಜಾರ್, ಒಂದು ಸಲಾ ಕೂಗಬಾರದಿತ್ತೇನ?" ಅಂತ ಕೇಳಿದೆ ನೀನು. ನಾನು ಮಲಾರ ಹೆಗಲಿಗೇರಿಸಿ ಎದ್ದುಬಿಟ್ಟೆ. ನೀನು ಹಿಂದಿನಿಂದ ಎರಡು ಸಲ ಕರೆದದ್ದು ಕೇಳಿಸಿತು, ತಿರುಗಲಿಲ್ಲ.

ನಿನ್ನ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಅದನ್ನೇ ದಿನಕ್ಕೆ ನೂರು ಸಲ ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ನೀನಾದರೂ ಬೇರೆ ಏನಾದರೂ ಹೇಳುತ್ತೀ ಅಂತ ಎರಡು ದಿನ ಗಾಡಿಯಲ್ಲಿ ಕೂತು ಬಂದಿದ್ದೆ, ಅಷ್ಟೇ. ಈಗ ನೆನೆದರೆ ನಿನ್ನ ಮುಖವೇ ಬೇರೆಯಾಗಿ ಕಾಣುತ್ತದೆ. ನೀನು ನನ್ನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಮುಗಿದುಹೋದ ದಿನದೊಳಗೆ ಕೈ ಹಾಕಿ ನನ್ನನ್ನು ಹೇಗಾದರೂ ಹೊರಗೆಳೆಯಬಹುದಿತ್ತೇ ಅಂತ ಹುಡುಕುತ್ತಿದ್ದೆ. ನಿನಗೆ ಆಗ ಇಪ್ಪತ್ತಮೂರು ವರ್ಷ, ನನಗೆ ಇಪ್ಪತ್ತೆರಡು. ಇಂಥದ್ದಕ್ಕೆ ಏನು ಹೇಳಬೇಕು ಅಂತ ನಮ್ಮಿಬ್ಬರಿಗೂ ಯಾರೂ ಕಲಿಸಿರಲಿಲ್ಲ.

ಆಮೇಲಿನ ಎರಡು ವರ್ಷ ನಾನು ನನ್ನ ಮೇಲೇ ಫಿರ್ಯಾದು ಹೂಡಿ, ನಾನೇ ಸಾಕ್ಷಿ ಹೇಳಿ, ನಾನೇ ಶಿಕ್ಷೆ ಕೊಟ್ಟುಕೊಂಡು ಬದುಕಿದೆ. ಪಾನಕ ಯಾಕೆ ಕುಡಿದೆ? ಯಾಕೆ ನಕ್ಕೆ? ಗಂಟನ್ನು ಮುಖದ ಮೇಲೆ ಎಸೆದು ಬರಬಾರದಿತ್ತೇ? ಎಲ್ಲಕ್ಕಿಂತ ಮೇಲೆ, ಕೈಯನ್ನು ನಾನೇ ನೀಡಿದ್ದೆ. ನೀಡಿದ ಕೈ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಅಂತ ಹತ್ತೂರಿನ ಹೆಂಗಸರಿಗೆ ಹೇಳಿ ಬಳೆ ಇಡಿಸಿದವಳು ನಾನೇ ಅಲ್ಲವೇ? ನಮ್ಮಲ್ಲಿ ನಿಕಾಹ್ ಹೊತ್ತಿಗೆ ಹುಡುಗಿ ತಲೆತಗ್ಗಿಸಿ ಸುಮ್ಮನೆ ಕೂತರೆ ಒಪ್ಪಿದಳು ಅಂತಲೇ ಅರ್ಥ. ನಾನೂ ಸುಮ್ಮನಿದ್ದೆನಲ್ಲ, ಹಾಗಾದರೆ ಒಪ್ಪಿದೆನೇ? ಹೀಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. ನೋಡಲು ಬಂದ ಗಂಡುಗಳನ್ನೆಲ್ಲ ಓಡಿಸಿದೆ. ಖಾಲಾ ಕಾರಣ ಕೇಳಿದರೆ ಹಲ್ಲುನೋವು ಅನ್ನುತ್ತಿದ್ದೆ. ಎರಡು ವರ್ಷದ ಹಲ್ಲುನೋವು! ಆಕೆ ಲವಂಗ ತಂದು ತಂದು ಸಾಕಾದಳು.

ಇದು ಮುರಿದದ್ದು ದೇಶನೂರಿನಲ್ಲಿ. ಭತ್ತದ ಸುಗ್ಗಿ ಮುಗಿದು ಮನೆಮನೆಯಲ್ಲೂ ಬಳೆಗೆ ಕರೆಯುತ್ತಿದ್ದ ಕಾಲ. ಗಿಡ್ಡಮ್ಮ ಎಂಬಾಕೆ ತನ್ನ ಹೊಸ ಸೊಸೆಗೆ ಹಸಿರು ಬಳೆ ಇಡಿಸಲು ನಮ್ಮನ್ನು ಕೂಗಿದಳು. ಸೊಸೆ ಹಂಪಮ್ಮ, ಹತ್ತೊಂಬತ್ತು ಇಪ್ಪತ್ತರ ಹೆಣ್ಣುಮಗಳು, ಗದ್ದೆಯಲ್ಲಿ ದುಡಿದ ಅಗಲ ಕೈ. ಅತ್ತೆ ಆರಿಸಿದ್ದು ಬಹಳ ಸಣ್ಣ ಅಳತೆ. ಬಿಗಿಯಾಗಿದ್ದರೇ ಚೆಂದ ಅಂತ ಆಕೆಯ ಹಟ. ನಾನು ಕೈ ಹಿಡಿದೆ. ತಣ್ಣಗಿತ್ತು, ಬೆರಳು ಬೆರಳೂ ಸೆಟೆದಿತ್ತು. "ಈ ಅಳತಿ ಒಲ್ಲದು ಕಾಣ್ತೈತವ್ವಾ" ಅಂದೆ. ಅದಕ್ಕೆ ಗಿಡ್ಡಮ್ಮ, "ಆಕಿ ಏನರ ಅಂದಳೇನು? ಸುಮ್ನ ಅದಾಳಲ್ಲ, ಒಪ್ಪಿಗಿ ಐತಿ ಅಂತಽ ತಿಳಕೋ. ನೀಡಿದ ಕೈ ಐತಿ, ಹಾಕು ಹಾಕು" ಅಂದಳು. ನಾನೂ ಒತ್ತಿದೆ. ಬಳೆ ಒಡೆದು ಗೆಣ್ಣಿಗೆ ಚುಚ್ಚಿತು. ರಕ್ತ ಬಂತು.

ಹಂಪಮ್ಮ ಕೂಗಲಿಲ್ಲ. ಅಮ್ಮಾ ಅನ್ನಲಿಲ್ಲ. ಕೈಯನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಮುಖ ನೋಡಿದೆ. ಅವಳು ತಲೆಯೆತ್ತಿ ಮಾಡಿನ ಜಂತೆಗಳನ್ನು ನೋಡುತ್ತಿದ್ದಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಎಣಿಸುತ್ತಿದ್ದಳು, ಪದ್ದೀ.

ನನ್ನ ಕೈಯಿಂದ ಬಳೆಯ ಚೂರು ಕೆಳಗೆ ಬಿತ್ತು. ರಕ್ತ ಕಣ್ಣೆದುರು ಇದೆ, ನೋವಿಲ್ಲ ಅನ್ನಲು ಬರುವುದಿಲ್ಲ. ಇವಳು ಒಪ್ಪಿದ್ದಾಳೆ ಅನ್ನುವಷ್ಟು ಮೂರ್ಖಳು ನಾನಲ್ಲ. ಒಪ್ಪಿದ ಕೈ ಹೇಗಿರುತ್ತದೆ ಅಂತ ನನಗಿಂತ ಯಾರಿಗೆ ಗೊತ್ತು? ತಾನಾಗಿ ಹೆಬ್ಬೆರಳು ಒಳಕ್ಕೆ ಮಡಿಸುತ್ತದೆ, ಮೆತ್ತಗಾಗುತ್ತದೆ, ಬಳೆಯ ಜೊತೆಗೆ ತಾನೂ ಮುಂದಕ್ಕೆ ಬರುತ್ತದೆ. ಹೆದರಿದ ಕೈ ಕಟ್ಟಿಗೆಯಾಗುತ್ತದೆ, ಇಲ್ಲವೇ ಜೀವ ಹೋದ ಹಾಗೆ ಜೋತು ಬೀಳುತ್ತದೆ. ಹದಿನೇಳು ವರ್ಷದಿಂದ ನನ್ನ ಬೆರಳುಗಳಿಗೆ ಗೊತ್ತಿದ್ದ ಈ ಸಂಗತಿ ನನ್ನ ತಲೆಗೆ ಗೊತ್ತಾದದ್ದು ಆವತ್ತು. ಆ ಮಳಿಗೆಯಲ್ಲಿ ನನ್ನ ಕೈ ಕಟ್ಟಿಗೆಯಾಗಿತ್ತು. ಅವನೂ ಬಳೆಯ ಕಸುಬಿನವನೇ. ಅವನ ಬೆರಳಿಗೂ ಅದು ಗೊತ್ತಿತ್ತು.

"ಹಂಪಮ್ಮಾ, ಬ್ಯಾಡಂದ್ರ ಬ್ಯಾಡ ಅನ್ನು. ನಾ ಕೈ ಬಿಡ್ತೀನಿ" ಅಂದೆ. ಬಹಳ ಹೊತ್ತು ಬೇಕಾಯಿತು. ಗಿಡ್ಡಮ್ಮ ಗೊಣಗುತ್ತಿದ್ದಳು, ಖಾಲಾ ನನ್ನನ್ನು ಕಣ್ಣಲ್ಲೇ ತಿವಿಯುತ್ತಿದ್ದಳು. ನಾನು ಕಾದೆ. ಕೊನೆಗೆ ಅವಳು "ಬ್ಯಾಡ" ಅಂದಳು. ನಾನು ಕೈ ಬಿಟ್ಟೆ. ಆ ಕೈ ಬರಿದಾಗಿ ಅವಳ ಮಡಿಲಿಗೆ ಹೋಯಿತು. ಮಾಡು ಕುಸಿಯಲಿಲ್ಲ, ಯಾರೂ ರಕ್ತ ಕಾರಿ ಸಾಯಲಿಲ್ಲ, ಹೊರಗೆ ಕೋಳಿಗಳು ಭತ್ತ ಹೆಕ್ಕುತ್ತಲೇ ಇದ್ದವು. ನಾವು ಗಂಟು ಕಟ್ಟಿ ಬೀದಿಯ ತಿರುವಿಗೆ ಬಂದಿರಲಿಲ್ಲ, ಹಂಪಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಅಕ್ಕಾ, ಆ ದೊಡ್ಡ ಅಳತಿ ಕೆಂಪುವು ಅದಾವಲ್ಲ, ಅವು ಬೇಕು ನನಗ" ಅಂತ ಏದುಸಿರು ಬಿಡುತ್ತಾ ಎರಡೂ ಕೈ ಚಾಚಿದಳು. ಬೀದಿಯ ಮಧ್ಯದಲ್ಲೇ ಕುಕ್ಕರಗಾಲಲ್ಲಿ ಕೂತು ಇಡಿಸಿದೆ. ಬೆಣ್ಣೆಯ ಹಾಗಿತ್ತು ಕೈ. ಅವಳು ಬಳೆ ಕುಣಿಸಿ ನಗುತ್ತಿದ್ದರೆ ನಾನು ಅಳುತ್ತಿದ್ದೆ, ಖಾಲಾ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತೆಂಬಂತೆ ನೋಡುತ್ತಿದ್ದಳು.

ಊರ ಹೊರಗಿನ ಕಾಲುವೆಯ ದಂಡೆಯಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಾಗ ಖಾಲಾಗೆ ಎಲ್ಲ ಹೇಳಿದೆ. ಪಾನಕ, ನಗು, ನೀಡಿದ ಕೈ, ಹೊತ್ತು ತಂದ ಗಂಟು, ಯಾವುದನ್ನೂ ಬಿಡಲಿಲ್ಲ. ಆಕೆಯ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ನೀಡಿದ ಕೈ ಹಿಂದಕ್ಕೆ ಹೋಗಬಾರದು ಅಂತ ನೀನೇ ಕಲಿಸಿದ್ದೆಯಲ್ಲ ಖಾಲಾ ಅಂದಾಗ ಆಕೆ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. "ಅಯ್ಯೋ ನನ್ನವ್ವಾ, ಅದು ಬಳಿ ಮಾರಾಕ ನಮ್ಮವ್ವ ಕಟ್ಟಿದ ಮಾತು! ಗಿರಾಕಿ ಎದ್ದು ಹೋಗಬಾರ್ದಂತ ಹೇಳಿದ್ದು. ಅದನ್ನ ನೀ ದೇವರ ಮಾತು ಅಂತ ಹೊತ್ತುಕೊಂಡು ತಿರುಗಿದೇನು?" ಅಂದಳು. ಮೊದಲು ಅತ್ತಳು. ಆಮೇಲೆ ಬೈಯಲು ಶುರುಮಾಡಿದಳು. ಕನ್ನಡದಲ್ಲಿ ಬೈದಳು, ಉರ್ದುವಿನಲ್ಲಿ ಬೈದಳು, ತೆಲುಗು ಮುಗಿದ ಮೇಲೆ ದಂಡಿನ ಸೋಲ್ಜರುಗಳ ಬಾಯಿಂದ ಕಲಿತದ್ದನ್ನೂ ಖರ್ಚು ಮಾಡಿದಳು. ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಆ ದಂಡೆಯ ಮೇಲೆ, ಪದ್ದೀ. ಆಮೇಲೆ ಆಕೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಬಾಯಿ ಕಟ್ಟಿದ್ದು ನೀನಲ್ಲ, ಹೆದರಿಕಿ. ಬದುಕಿ ಮನಿಗೆ ಬಂದಿ, ಗಂಟು ತಂದಿ, ಚಲೋ ಮಾಡಿದಿ" ಅಂದಳು. ನಾನು ಪಾಪ ಅಂದುಕೊಂಡದ್ದನ್ನು ಆಕೆ ಚಲೋ ಅಂದಳು.

ಊರಿಗೆ ಬಂದವಳು ಸುಮ್ಮನೆ ಕೂರುವ ಹೆಂಗಸೇ? ಬಳ್ಳಾರಿಯ ಬಳೆಗಾರ್ತಿಯರನ್ನೆಲ್ಲ ಕೂಡಿಸಿದಳು. ನನ್ನ ಹೆಸರು ಹೇಳಲೇ ಅಂತ ಮೊದಲು ನನ್ನನ್ನು ಕೇಳಿದಳು, ನಾನು ಹೂಂ ಅಂದೆ. ಒಂದು ಬೆಳಿಗ್ಗೆ ನಾವು ಹನ್ನೊಂದು ಜನ ಹೋಗಿ ಆ ಮಳಿಗೆಯ ಮೆಟ್ಟಿಲ ಮೇಲೆ ಕೂತೆವು. ಬರುವ ಪ್ರತಿಯೊಬ್ಬ ಹೆಂಗಸಿಗೂ ನಮ್ಮಲ್ಲೊಬ್ಬಳಾದ ಎರ್ರಮ್ಮ ಗಂಟಲು ಬಿಚ್ಚಿ, "ಒಳಗ ಒಬ್ಬಾಕಿನಽ ಹೋಗಬ್ಯಾಡ ತಾಯೀ" ಅನ್ನುತ್ತಿದ್ದಳು. ಅವರಲ್ಲಿ ಇಬ್ಬರು ಯಾಕೆ ಏನು ಅಂತ ಒಂದು ಮಾತೂ ಕೇಳದೆ ಬಂದಿದ್ದರು. ಕಟ್ಟಿಗೆಯಾಗಿದ್ದ ಆ ಇಬ್ಬರ ಕೈ ನಾನು ಹಿಡಿದು ಕೂತೆ. ಅವನಿಗೆ ತಕ್ಕ ಶಿಕ್ಷೆಯಾಯಿತು ಅಂತ ಬರೆಯಲು ಆಸೆ, ಆದರೆ ಆಗಲಿಲ್ಲ. ಮಳಿಗೆ ಇನ್ನೂ ಇದೆ. ನಮ್ಮಲ್ಲಿ ಯಾರೂ ಅಲ್ಲಿ ಮಾಲು ಕೊಳ್ಳುವುದಿಲ್ಲ, ನಮ್ಮನ್ನು ಕಂಡರೆ ಅವನು ಓಣಿ ಬದಲಿಸುತ್ತಾನೆ. ನನ್ನ ಮೈಯೂ ಒಂದೇ ದಿನಕ್ಕೆ ಸರಿಹೋಯಿತು ಅಂದುಕೊಳ್ಳಬೇಡ. ಬಳೆ ಸುತ್ತಿ ಬರುವ ಒಣಹುಲ್ಲಿನ ವಾಸನೆಗೆ ಈಗಲೂ ಕೆಲವು ದಿನ ಕೈ ತಣ್ಣಗಾಗುತ್ತದೆ. ಆಗ ಬಿಸಿಲಿಗೆ ಬಂದು ಕೂರುತ್ತೇನೆ. ಮೊದಲು ಅದಕ್ಕೂ ನನ್ನನ್ನೇ ಬೈದುಕೊಳ್ಳುತ್ತಿದ್ದೆ, ಈಗ ಬೈಯುವುದಿಲ್ಲ.

ಇನ್ನು ನನ್ನ ಬಿಳಿ ಗಡ್ಡದವನ ಕತೆ. ಹೋದ ವರ್ಷ ನಮ್ಮ ಹಳೆಯ ಗಾದಿ ಹಿಂಜಲು ಬಂದ. ಮೂರು ದಿನದ ಕೆಲಸ. ಎರಡನೆಯ ದಿನ ಸಂಜೆ, ಓಣಿಯ ಹಿರಿಯ ಪೀರಸಾಬ್ ಚಾಚಾನ ಕೈಲಿ ಮದುವೆಯ ಮಾತು ಕಳಿಸಿದ. ನಾನು ಒಲ್ಲೆ ಅಂದೆ. ಒಲ್ಲೆ ಅಂದ ಮೇಲೆ ಗಂಡಸರು ಏನು ಮಾಡುತ್ತಾರೆ ಅಂತ ನೋಡಿದವಳಲ್ಲವೇ, ಮರುದಿನ ಬಾಗಿಲ ಹಿಂದೆ ಒನಕೆ ಇಟ್ಟುಕೊಂಡು ಕೂತಿದ್ದೆ. ಅವನು ಬಂದ. ಹಿಂಜುವ ಬಿಲ್ಲು ತೂಗುಹಾಕಿ ಉಳಿದ ಗಾದಿ ಮುಗಿಸಿದ, ಖಾಲಾ ಕೊಟ್ಟ ನೀರು ಕುಡಿದ, ಹೋದ. ಅಷ್ಟೇ! ಮತ್ತೆ ನಮ್ಮ ಓಣಿಯಲ್ಲಿ ಸುಳಿಯಲಿಲ್ಲ, ಯಾರ ಕೈಲೂ ಹೇಳಿಸಲಿಲ್ಲ. ಕುರುಗೋಡಿನ ಸಂತೆಯಲ್ಲಿ ಎದುರಾದಾಗ ಖಾಲಾಗೆ ಸಲಾಂ ಹೇಳಿ ತನ್ನ ಹತ್ತಿ ಗಂಟಿನ ಜೊತೆ ಸರಿದುಹೋದ. ನನ್ನ 'ಒಲ್ಲೆ' ಹೊರಗಿನ ಲೋಕದಲ್ಲಿ ಚಲಾವಣೆಯಾಗುತ್ತದೆ ಅಂತ ನಾನು ಕಂಡದ್ದು ಅದೇ ಮೊದಲು. ಖುಷಿಯಾಯಿತು. ಆರು ತಿಂಗಳಾದ ಮೇಲೆ ಸಿಟ್ಟೂ ಬಂತು, ಈ ಮನುಷ್ಯ ಇಷ್ಟು ಸುಲಭವಾಗಿ ಬಿಟ್ಟುಬಿಟ್ಟನಲ್ಲ ಅಂತ. ನಗಬೇಡ.

ಎಂಟು ತಿಂಗಳಾದ ಮೇಲೆ ನಾನೇ ಹೇಳಿಕಳಿಸಿದೆ. ಕುರುಗೋಡಿನ ಬೆಟ್ಟದ ಬುಡದಲ್ಲಿ, ಹುಣಸೆಮರದ ಕೆಳಗೆ, ಖಾಲಾ ಪಕ್ಕದಲ್ಲಿದ್ದಳು. ಮದುವೆಯ ಮಾತಿಗಿಂತ ಮುಂಚೆ ಆ ಮಳಿಗೆಯ ಸಂಗತಿ ಹೇಳಿದೆ. ಕೇಳಿದ ಮೇಲೆ ಅವನು ಬೆರಳಿನ ಹತ್ತಿ ಕೀಳುತ್ತಾ ಕೂತ. ಇನ್ನೇನು ಎದ್ದು ಹೋಗುತ್ತಾನೆ ಅಂದುಕೊಂಡೆ. "ಆ ಮಳಿಗಿ ಗಾದಿ ವರ್ಷಾ ನಾನಽ ಹಿಂಜೋದು. ಇನ್ನ ಹಿಂಜಂಗಿಲ್ಲ" ಅಂದ. ಆಮೇಲೆ, "ಅವತ್ತು ಒಲ್ಲೆ ಅಂದಿದ್ರಿ. ಈಗ ಕರೆಸೀರಿ. ಯಾಕಂತ ನೀವಽ ಹೇಳಬೇಕು, ನಾ ತಿಳಕೊಂಡೀನಿ ಅಂತ ಅನ್ನಂಗಿಲ್ಲ" ಅಂದ. ಇಂಥವನಿಗೆ ಹೂಂ ಅನ್ನದೆ ಏನನ್ನಲಿ? ಆದರೂ ಅಲ್ಲೇ ಅನ್ನಲಿಲ್ಲ. ನಿಕಾಹ್ ದಿನ ಅನ್ನುತ್ತೇನೆ, ಎಲ್ಲರ ಮುಂದೆ, ಅಲ್ಲಿಯವರೆಗೆ ಕಾಯಬೇಕು ಅಂದೆ.

ಹೋದ ಶುಕ್ರವಾರ ಆ ದಿನ ಬಂತು. ಗಂಡಸರು ಹೊರಗೆ ಚಪ್ಪರದಲ್ಲಿ, ನಾನು ಒಳಗೆ ಹೆಂಗಸರ ನಡುವೆ. ಕಾಜಿ ಸಾಹೇಬರ ಕಡೆಯಿಂದ ಪೀರಸಾಬ್ ಚಾಚಾ ಇಬ್ಬರು ಸಾಕ್ಷಿಗಳ ಜೊತೆ ಪರದೆಯ ಹತ್ತಿರ ಬಂದು, ಹಸನಸಾಬ್‌ನನ್ನು ಒಪ್ಪಿದೆಯಾ ಅಂತ ಕೇಳಿದ. ನಮ್ಮಲ್ಲಿ ಈ ಹೊತ್ತಿಗೆ ಹುಡುಗಿಯ ಬಾಯಿ ಯಾರೂ ಕಾಯುವುದಿಲ್ಲ. ಹಿಂದೆ ಕೂತ ಅಜ್ಜಿಯರು ಹುಡುಗಿಯ ತಲೆ ಹಿಡಿದು ತಾವೇ ಆಡಿಸುವುದೂ ಉಂಟು. ನನ್ನ ಹಿಂದೆಯೂ ಒಂದು ಕೈ ಬಂತು, ಖಾಲಾ ಅದಕ್ಕೆ ಫಟ್ಟನೆ ಹೊಡೆದಳು. ನಾನು ಬಾಯಿ ತೆರೆಯಲು ಹೋದೆ. ಮಾತು ಬರಲಿಲ್ಲ. ಸಂತೋಷಕ್ಕೂ ಗಂಟಲು ಕಟ್ಟುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಪೀರಸಾಬ್ ಚಾಚಾ ರೂಢಿಯಂತೆ, "ಆತು, ಸುಮ್ನ ಅದಾಳ, ಒಪ್ಪಿದಳು" ಅಂತ ತಿರುಗಿ ಹೊರಟೇಬಿಟ್ಟ.

"ಚಾಚಾ, ನಿಂದ್ರು. ನಾ ಇನ್ನಾ ಏನೂ ಅಂದಿಲ್ಲ."

ಆ ದನಿ ನನ್ನದೇ. ಯಾರೋ ಬಾಯಿ ಮೇಲೆ ಕೈ ಇಟ್ಟುಕೊಂಡರು, ಯಾರೋ ತೋಬಾ ತೋಬಾ ಅಂದರು. ಹೊರಗೆ ಚಪ್ಪರದಲ್ಲಿ, ಹುಡುಗಿ ಒಲ್ಲೆ ಅನ್ನುತ್ತಾಳೆ ಅಂತ ಅರ್ಧ ಜನ ಎದ್ದು ನಿಂತರಂತೆ. ಹಸನಸಾಬ್ ಮಾತ್ರ ಕೂತಲ್ಲೇ, "ಆಕಿಗೆ ಹೊತ್ತು ಕೊಡ್ರಿ" ಅಂದನಂತೆ. ಪೀರಸಾಬ್ ಚಾಚಾ ವಾಪಸು ಬಂದು ಉಸ್ಸಂತ ನೆಲದ ಮೇಲೆ ಕೂತು, "ಹಂಗಾರ ಕೇಳ್ತೀನವ್ವಾ, ನೀನಽ ಹೇಳು" ಅಂದ. ನಾನು ಅವಸರ ಮಾಡಲಿಲ್ಲ. ಇಷ್ಟು ಜನ ನನ್ನ ಒಂದು ಮಾತಿಗಾಗಿ ಕಾದದ್ದನ್ನು ಸ್ವಲ್ಪ ಅನುಭವಿಸಿದೆ. ಒಲ್ಲೆ ಅನ್ನುವುದೂ ಆಗ ನನ್ನ ಕೈಯಲ್ಲೇ ಇತ್ತು, ಅಂದಿದ್ದರೆ ಅದೂ ನಡೆಯುತ್ತಿತ್ತು. ಅದು ಗೊತ್ತಿದ್ದೇ ಹೂಂ ಅಂದೆ. ಮೂರು ಸಲ ಕೇಳಿದ, ಮೂರು ಸಲವೂ ಅಂದೆ, ಮೂರನೆಯದು ಓಣಿಯ ಕೊನೆಗೆ ಕೇಳಿಸಿತಂತೆ. ಚಪ್ಪರದಲ್ಲಿ ನಗೆಯೋ ನಗೆ. ಖಾಲಾ ಅಳುತ್ತಾ ಎಲ್ಲರ ಬಾಯಿಗೂ ಸಕ್ಕರೆ ತುರುಕುತ್ತಿದ್ದಳು.

ಪದ್ದೀ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಬೇಕಾದರೆ ನೆನಪಿಗೆ ಸಾಸಿವೆಯಷ್ಟು ಇಟ್ಟುಕೊಳ್ಳುತ್ತೇನೆ, ಜಗಳ ಆಡಲು ಏನಾದರೂ ಬೇಕಲ್ಲ. ಆ ಒಂದು ಪ್ರಶ್ನೆಗಾಗಿ ನೀನು ನಾಲ್ಕು ವರ್ಷ ಬೆಂದದ್ದು ಸಾಕು. ಅದಲ್ಲದೆ ನಿನ್ನ ಕೈ ಕಟ್ಟಿಗೆಯಾಗಲು ಬೇರೆ ಏನಾದರೂ ಕಾರಣವಿದ್ದರೆ ನಾನು ಊಹಿಸಲು ಹೋಗುವುದಿಲ್ಲ. ಹೇಳಬೇಕೆನ್ನಿಸಿದ ದಿನ ಹೇಳು, ಹೇಳಬೇಡ ಅನ್ನಿಸಿದರೆ ಬೇಡ. ನಾನು ಕೇಳಲು ಕೂತಾಗ ಯಾಕೆ ಕೂಗಲಿಲ್ಲ ಅನ್ನುವುದಿಲ್ಲ.

ಈಗ ನಾನು ಒಂದು ಕೇಳಬೇಕು. ಯುಗಾದಿಗೆ ಖಾಲಾ ಸಿರುಗುಪ್ಪಕ್ಕೆ ಬರುತ್ತಾಳೆ. ಜೊತೆಗೆ ನಾನೂ ಬರಲೇ? ನಿಮ್ಮ ಹಿತ್ತಲಲ್ಲಿ ನಿನ್ನೆದುರು ಕೂತು ನಾನೇ ನಿನಗೆ ಬಳೆ ಇಡಿಸಲೇ? ಆಮೇಲೆ ನಿಮ್ಮವರು ಬಿಟ್ಟರೆ ಕೆಂಚನಗುಡ್ಡದ ಹೊಳೆಯವರೆಗೆ ಹೋಗಿ ಬರೋಣ. ಖಾಲಾ ಈ ಕಾಗದ ಕೊಟ್ಟು ಎರಡು ದಿನ ಆ ಊರಲ್ಲೇ ಇರುತ್ತಾಳೆ. ಬಾ ಅಂದರೆ ಓಡಿ ಬರುತ್ತೇನೆ. ಬೇಡ ಅಂದರೆ ಅದನ್ನೂ ತಲೆಯ ಮೇಲಿಟ್ಟುಕೊಂಡು ಒಪ್ಪುತ್ತೇನೆ, ನಮ್ಮ ಗೆಳೆತನಕ್ಕೆ ಒಂದು ಗೀರೂ ಬೀಳುವುದಿಲ್ಲ. ಆದರೆ ನೀನು ಏನೂ ಹೇಳದಿದ್ದರೆ, ಪದ್ದಿ ಸುಮ್ಮನಿದ್ದಾಳೆ, ಹಾಗಾದರೆ ಒಪ್ಪಿದ್ದಾಳೆ ಅಂತ ಗಂಟು ಕಟ್ಟಿಕೊಂಡು ಬಂದುಬಿಡುವವಳು ನಾನಲ್ಲ. ಇನ್ನೂ ಹೇಳಿಲ್ಲ ಅಂತ ಮಾತ್ರ ತಿಳಿಯುತ್ತೇನೆ. ಎಷ್ಟು ದಿನವಾದರೂ ಕಾಯುತ್ತೇನೆ.

ನಿನ್ನ ದೇವರೂ ನನ್ನ ದೇವರೂ ನಿನ್ನ ಮನೆಯ ಬಾಗಿಲಲ್ಲಿ ಕಾವಲಿರಲಿ, ನಿನ್ನ ಎರಡೂ ಕೈ ಬೆಚ್ಚಗಿರಲಿ.

ಇಂತು, ನೀನು ಅಕ್ಷರ ಕಲಿಸಿದ ತಪ್ಪಿಗೆ ನಿನ್ನಿಂದ ಇಷ್ಟುದ್ದ ಓದಿಸಿದ,
ನಿನ್ನ ಗುಲ್ಜಾರ್